ಮುದಿ ನೊಣಗಳ ಬಾಟಲಿ

ಯುವ ವಿಜ್ಞಾನಿಗಳ ಬೆನ್ನಿಗೆ ನಿಲ್ಲಬೇಕು ಎಂದು ಸಭೆ ಸಿಕ್ಕಲ್ಲೆಲ್ಲ ಭಾಷಣ ಬಿಗಿಯುವವನು ನಾನು. ಮಡಿಕೇರಿಯ ನಮ್ಮ ಕಾಲೇಜಿಗೆ ಸೋಮವಾರಪೇಟೆಯ ಹುಡುಗಿಯೊಬ್ಬಳು ಸಂಶೋಧನೆಗೆ ಬಂದಳು. ಜೀವಿಗಳಿಗೆ ಮುಪ್ಪು ಹೇಗೆ ಬರುತ್ತದೆ ಎಂಬುದು ಅವಳ ವಿಷಯ, ಮಾರ್ಗದರ್ಶಕ ನಾನು. ರವೆ, ಬೆಲ್ಲ ಬೇಯಿಸಿ ಬಾಟಲಿಗೆ ಹಾಕಿ ಹಣ್ಣುನೊಣ ಸಾಕುತ್ತಿದ್ದಳು. ಈ ಊರಿನ ಚಳಿಗೆ ನೊಣಕ್ಕೂ ಬೇಗ ವಯಸ್ಸಾಗುವುದಿಲ್ಲ. ಮೂರು ತಿಂಗಳು ಕಾದ ಮೇಲೆ ಅವು ಗಾಜು ಹತ್ತಲಾರದೆ ಜಾರತೊಡಗಿದವು. ಅವಳಿಗೆ ಬೇಕಾಗಿದ್ದದ್ದು ಅದೇ.

ಆ ವಾರವೇ ಕಾಲೇಜಿನ ತಪಾಸಣೆಗೆ ಒಂದು ತಂಡ ಬರುವುದಿತ್ತು. ಪ್ರಯೋಗಾಲಯ ಲಕಲಕ ಹೊಳೆಯಬೇಕು ಎಂದು ಪ್ರಿನ್ಸಿಪಾಲರ ಅಪ್ಪಣೆ. ನಾನು ಅಟೆಂಡರನಿಗೆ, "ಹಳೇದೆಲ್ಲ ತೆಗೆದು ಕ್ಲೀನ್ ಮಾಡಿಬಿಡಪ್ಪ" ಎಂದು ಹೇಳಿ ಪಾಠಕ್ಕೆ ಹೋದೆ.

ಬಂದು ನೋಡಿದರೆ ಮುದಿ ನೊಣಗಳಿದ್ದ ಬಾಟಲಿಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದ.

"ಚುರುಕಾಗಿರೋ ಮರಿ ನೊಣಗಳನ್ನ ಹಾಗೇ ಇಟ್ಟಿದ್ದೀನಿ ಸರ್. ಹಳೇವು ಹೇಗೂ ಸಾಯೋ ಹಂಗಿದ್ವು" ಎಂದ. ಹಳೇದೆಲ್ಲ ತೆಗಿ ಎಂದಿದ್ದವನು ನಾನೇ. ತಪಾಸಣೆಯವರು ಬಾಗಿಲಲ್ಲೇ ನಿಂತು, ನೀಟಾಗಿದೆ ಎಂದು ಬರೆದುಕೊಂಡು ಊಟಕ್ಕೆ ಹೋದರು.

ಹುಡುಗಿ ಅಳಲಿಲ್ಲ. ಮತ್ತೆ ಸ್ಟವ್ ಹಚ್ಚಿ ಬೆಲ್ಲ ಕರಗಿಸತೊಡಗಿದಳು. "ಇವಕ್ಕೆ ವಯಸ್ಸಾಗೋಕೆ ಇನ್ನೂ ಮೂರು ತಿಂಗಳು ಬೇಕು ಸರ್. ನನ್ನ ಫೆಲೋಶಿಪ್ ಇರೋದು ಎರಡೇ ತಿಂಗಳು" ಎಂದಳು.

ಅವಧಿ ವಿಸ್ತರಿಸಲು ಅರ್ಜಿ ಹಾಕು ಎಂದೆ. ಮರುದಿನವೇ ತುಂಬಿ ತಂದಳು. ವಿಳಂಬಕ್ಕೆ ಕಾರಣ ಎಂದಿದ್ದ ಕಡೆ "ಮಡಿಕೇರಿಯ ಚಳಿ" ಎಂದು ಬರೆದಿದ್ದಳು. ಅದರ ಕೆಳಗೆ ಮಾರ್ಗದರ್ಶಕರ ಸಹಿಗೆ ಜಾಗವಿತ್ತು. ಸಹಿ ಹಾಕಿದೆ.