ಬಾಗಿಲು ಯಾವ ಗಾಡಿಯಲ್ಲಿದೆ?

ನನಗೊಂದು ಕೆಟ್ಟ ಚಟವಿದೆ. ಹೇಳಿಕೊಳ್ಳಲು ಸಂಕೋಚ, ಆದರೆ ನಿಮ್ಮ ಹತ್ತಿರ ಮುಚ್ಚಿಟ್ಟು ಆಗಬೇಕಾದ್ದೇನು? ಯಾವುದೇ ಧಾರಾವಾಹಿ ನೋಡುವ ಮೊದಲು, ಅದನ್ನು ನೋಡಿ ಮುಗಿಸಿದವರು ಮೊಬೈಲಿನಲ್ಲಿ ಬರೆದ ಅಭಿಪ್ರಾಯಗಳನ್ನೆಲ್ಲ ಓದುತ್ತೇನೆ. ಉಂಡೆದ್ದವರ ಎಲೆ ನೋಡಿ ಊಟಕ್ಕೆ ಕೂರುವ ಗಿರಾಕಿ ಎಂದು ಹೆಂಡತಿ ಶಶಿಕಲಾ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಗೋಕಾಕದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನಿಗೆ ಪರರ ಅಭಿಪ್ರಾಯ ಓದುವುದು ವೃತ್ತಿಧರ್ಮ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಈ ಸಲ ಕೈಗೆ ಸಿಕ್ಕಿದ್ದು ಹಿಂದಿಗೆ ಡಬ್ ಆದ ಒಂದು ಅಮೆರಿಕದ ಧಾರಾವಾಹಿ. ಹಳೆಯ ಕಾಲದ ಕಥೆ. ಒಂದಿಷ್ಟು ಸಂಸಾರಗಳು ಇದ್ದ ಊರು ಬಿಟ್ಟು, ಬಿಳಿ ಬಟ್ಟೆಯ ಕಮಾನು ಹೊದಿಸಿದ ಎತ್ತಿನ ಗಾಡಿಗಳಲ್ಲಿ ಸಾಮಾನು ತುಂಬಿಕೊಂಡು ಪಶ್ಚಿಮಕ್ಕೆ ಹೊರಡುತ್ತವೆ. ಅಲ್ಲಿ ಹೊಸ ನೆಲ, ಹೊಸ ಮನೆ. ದಾರಿಯಲ್ಲಿ ಹೊಳೆ, ಧೂಳು, ಜ್ವರ, ಬಂದೂಕು.

ಇದರ ಬಗ್ಗೆ ಬಂದ ಅಭಿಪ್ರಾಯಗಳನ್ನು ಓದುತ್ತ ನಾನು ಎರಡು ದಿನ ಕಳೆದೆ. ಕಥೆ ತೀರಾ ನಿಧಾನ ಎಂದು ಒಬ್ಬ ಬೈದಿದ್ದ. ಎತ್ತಿನ ಗಾಡಿ ಇನ್ನೆಷ್ಟು ಜೋರಾಗಿ ಓಡಬೇಕಿತ್ತೋ! ನಾಯಕ ಹಿಡಿದ ಬಂದೂಕು ಆ ಕಾಲಕ್ಕೆ ಇನ್ನೂ ಬಂದೇ ಇರಲಿಲ್ಲ ಎಂದು ಇನ್ನೊಬ್ಬನ ತಕರಾರು. ಮಳೆ ಬಂದು ನೆಟ್ ಹೋಯಿತು ಎಂಬ ಕಾರಣಕ್ಕೆ ಮತ್ತೊಬ್ಬ ಒಂದೇ ನಕ್ಷತ್ರ ಕೊಟ್ಟಿದ್ದ. ಆ ಹೊಸ ನೆಲದಲ್ಲಿ ಆಗಲೇ ಜನ ಇದ್ದರಲ್ಲ, ಅವರನ್ನು ಯಾರು ಕೇಳಿದರು ಎಂದು ಒಬ್ಬಳು ಬರೆದದ್ದು ಮಾತ್ರ ನನಗೂ ಸರಿ ಕಂಡಿತು. ಮೊದಲ ಕಂತು ನೋಡಿಯಾದ ಮೇಲೂ ನನ್ನ ಓದು ನಿಲ್ಲಲಿಲ್ಲ; ಆಗ ಇವರೆಲ್ಲರ ನಡುವೆ ಒಬ್ಬ ವಿದ್ವಾಂಸ ಸಿಕ್ಕಿದ. ಆ ಕಾಲದಲ್ಲಿ ಗಾಡಿ ತುಂಬ ಹಿಟ್ಟು, ಪಾತ್ರೆ, ಹತ್ಯಾರಗಳೇ ಇರುತ್ತಿದ್ದವು, ಜನರಲ್ಲಿ ಹೆಚ್ಚಿನವರು ಗಾಡಿಯ ಪಕ್ಕದಲ್ಲಿ ನಡೆದೇ ಹೋದರು, ಈ ಧಾರಾವಾಹಿ ಎಲ್ಲರನ್ನೂ ಗಾಡಿಯಲ್ಲಿ ಕೂರಿಸಿ ಇತಿಹಾಸಕ್ಕೆ ದ್ರೋಹ ಮಾಡಿದೆ ಎಂದು ಅವನ ವಾದ. ಎಂಥ ಸೂಕ್ಷ್ಮ ದೃಷ್ಟಿ! ಅದನ್ನು ಗಟ್ಟಿಯಾಗಿ ಓದಿ ಮನೆಯವರಿಗೆಲ್ಲ ಕೇಳಿಸಿದೆ.

"ಅದನ್ನ ನಾ ಮೊನ್ನೇನ ಹೇಳಿದ್ನಲ್ಲ" ಎಂದಳು ಗಂಗಕ್ಕ.

ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮೂಡಲಗಿಗೆ ಕೊಟ್ಟಿದ್ದೇವೆ. ಎರಡೂ ಮೊಣಕಾಲು ಹಿಡಿದುಕೊಂಡು, ಇಲ್ಲಿಯ ಡಾಕ್ಟರರ ಉಪಚಾರಕ್ಕೆಂದು ಎರಡು ತಿಂಗಳು ನಮ್ಮಲ್ಲಿದ್ದಳು. ನೆಲದ ಮೇಲೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಸೋಫಾ ಅವಳನ್ನು ಒಳಗೆ ಎಳೆದುಕೊಳ್ಳುತ್ತಿತ್ತು, ಪ್ಲಾಸ್ಟಿಕ್ ಕುರ್ಚಿ ನಡುಗುತ್ತಿತ್ತು. ಹೀಗೆ ಕೂರಲು ಸರಿಯಾದ ಜಾಗವಿಲ್ಲದ ಒಬ್ಬ ಪ್ರೇಕ್ಷಕಿಯ ಜೊತೆ ರವಿವಾರ ಮಧ್ಯಾಹ್ನಗಳಲ್ಲಿ ಧಾರಾವಾಹಿ ನೋಡುವುದು ಎಂಥ ಶಿಕ್ಷೆ ಎಂದು ನಿಮಗೆ ಗೊತ್ತಾಗಬೇಕು.

ಅವಳು ಮೊನ್ನೆ ಹೇಳಿದ್ದು ನಿಜ. ಮೊದಲ ಕಂತಿನಲ್ಲೇ ಶುರುಮಾಡಿದ್ದಳು. "ಇಷ್ಟ ಮಂದಿ ಗಾಡ್ಯಾಗ ಕುಂತ್ರ ಎತ್ತ ಎಳಿತಾವೇನ? ಯಾರರ ಅವರಿಗೆ ಇಳೀರಿ ಅನ್ರಿ." ಆಮೇಲೆ, "ಎತ್ತಿಗೆ ಮೇವ ಎಲ್ಲಿ ಇಟ್ಟಾರ?" ಕೊನೆಗೆ, ಪ್ರತಿಯೊಂದು ಗಾಡಿ ತೆರೆಯ ಮೇಲೆ ಬಂದಾಗಲೂ ಕತ್ತು ಮುಂದೆ ಚಾಚಿ, "ಮನಿ ಕಟ್ಟಾಕ ಹೊಂಟಾರ ಅಂತಿ. ಬಾಗಲಾ ಯಾವ ಗಾಡ್ಯಾಗ ಐತಿ?"

"ಅಕ್ಕಾ, ಅವರು ಅಲ್ಲಿ ಹೋಗಿ ಗಿಡ ಕಡದು ಹೊಸಾ ಬಾಗಲಾ ಮಾಡತಾರ. ಸುಮ್ನ ನೋಡವಾ."

ಸುಮ್ಮನೆ ನೋಡುವವರು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ. ಬಾಜೂ ಮನೆಯ ರುದ್ರಪ್ಪ ಯಮಕನಮರಡಿಯವನು, ಮೂವತ್ತು ವರ್ಷ ಹೈವೇಯಲ್ಲಿ ಲಾರಿ ಓಡಿಸಿ ಈಗ ನಮ್ಮ ಪಕ್ಕ ಮನೆ ಕಟ್ಟಿಕೊಂಡಿದ್ದಾನೆ. ಅವನಿಗೆ ಕಥೆ ಬೇಡ, ರಸ್ತೆ ಬೇಕು. ಗಾಡಿಗಳು ಗುಡ್ಡ ಇಳಿಯುವ ರೋಮಾಂಚಕ ದೃಶ್ಯದಲ್ಲಿ, "ಸರ್, ಇಳಿಜಾರದಾಗ ಹಿಂಗ ಬಿಡತಾರೇನ್ರಿ? ಇವಗ ಲೈಸನ್ಸ್ ಯಾರ ಕೊಟ್ರು?" ಎಂದು ಕೂಗಿ ಎಲ್ಲರನ್ನೂ ನಗಿಸಿದ. ಶಶಿಕಲಾಳದ್ದು ಬೇರೆ ಲೆಕ್ಕ: "ಮೂರ ತಿಂಗಳ ಧೂಳಾಗ ಬಂದಾಳಂತ. ಅಕಿ ಅಂಗಿ ನೋಡ್ರಿ, ಇಸ್ತ್ರಿ ಮುರದಿಲ್ಲ." ನಾನು ರಿಮೋಟ್ ಒತ್ತಿ ನಿಲ್ಲಿಸುತ್ತೇನೆ, ಗದರುತ್ತೇನೆ, ಮತ್ತೆ ಹಚ್ಚುತ್ತೇನೆ. ಮುಕ್ಕಾಲು ಗಂಟೆಯ ಕಂತು ನಮ್ಮ ಮನೆಯಲ್ಲಿ ಎರಡು ತಾಸು ಹಿಡಿಯುತ್ತದೆ. ಆ ಅಮೆರಿಕದವರು ಇನ್ನೂ ಬೇಗ ಪಶ್ಚಿಮ ಮುಟ್ಟಿರಬೇಕು.

ನಮ್ಮ ಕಾವ್ಯಮೀಮಾಂಸೆಯವರು ಸಹೃದಯ ಎಂದು ಒಬ್ಬನನ್ನು ಕಲ್ಪಿಸಿಕೊಂಡಿದ್ದಾರೆ. ಅವನ ಮನಸ್ಸು ತಿಕ್ಕಿ ತೊಳೆದ ಕನ್ನಡಿ. ನಾಟಕ ನೋಡುವಾಗ ಅವನಿಗೆ ತನ್ನ ಊರು, ತನ್ನ ಮನೆ, ತನ್ನ ಸುಖದುಃಖ ಎಲ್ಲ ಮರೆತುಹೋಗಬೇಕು. ಉಳಿಯುವುದು ರಸ ಮಾತ್ರ. ಇದನ್ನು ನಾನು ಇಪ್ಪತ್ತೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಆ ಮೀಮಾಂಸಕರ ಮನೆಯಲ್ಲಿ ಅಕ್ಕಂದಿರು ಇರಲಿಲ್ಲವೋ, ಇದ್ದವರು ಬಾಯಿ ಮುಚ್ಚಿಕೊಂಡಿದ್ದರೋ, ನನಗೆ ತಿಳಿಯದು. ಸಹೃದಯ ಇರಬೇಕಾದ ಕಡೆ ನಾನೊಬ್ಬನೇ ಇದ್ದೇನೆ ಎಂಬ ಹೆಮ್ಮೆಯಿಂದ ಕಂತು ಕಂತಿಗೂ ಅಭಿಪ್ರಾಯ ಬರೆದು ಹಾಕುತ್ತಿದ್ದೆ. ಮೆಚ್ಚಿದವರು ಇಬ್ಬರು. ಅದರಲ್ಲಿ ಒಬ್ಬ ನಾನು.

ಈಗ ನಮ್ಮ ಮನೆಯ ಬಾಗಿಲಿನ ವಿಷಯ ಹೇಳಬೇಕು. ಪಡಸಾಲೆಯಿಂದ ಒಳಮನೆಗೆ ಹೋಗುವ ಬಾಗಿಲದು. ಎರಡು ಕದ, ಸಾಗವಾನಿ ಮರ, ಹಿತ್ತಾಳೆಯ ಚಿಲಕ. ನಮ್ಮ ಮೂಲ ಊರು ಹಿಡಕಲ್ ಜಲಾಶಯದ ನೀರಿನೊಳಗೆ ಹೋಗುವುದೆಂದು ಗೊತ್ತಾದಾಗ ಅಪ್ಪ ಮನೆಯ ಬಾಗಿಲು ಚೌಕಟ್ಟು ಸಮೇತ ಕಿತ್ತು ಗಾಡಿಗೆ ಹಾಕಿಕೊಂಡು ಗೋಕಾಕದಾಚೆಯ ಮೇಲವಂಕಿಗೆ ಬಂದ. ಮುಂದೆ ನಾನು ಗೋಕಾಕದಲ್ಲಿ ಮನೆ ಕಟ್ಟಿಸಿದಾಗ ಹಟ ಹಿಡಿದು ಅದನ್ನೇ ಇಲ್ಲಿ ಕೂರಿಸಿದ. ಚೌಕಟ್ಟು ನನ್ನ ಹಣೆಯ ಮಟ್ಟಕ್ಕಿದೆ. ದಿನಕ್ಕೊಮ್ಮೆಯಾದರೂ ಬಡಿಯುತ್ತದೆ; ನನ್ನ ಹಣೆಯ ಬುಗುಟಿ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅಪ್ಪ ಇರುವವರೆಗೆ ತೆಗೆಯುವ ಮಾತೇ ಇರಲಿಲ್ಲ. ಅವನು ಹೋಗಿ ಎಂಟು ವರ್ಷವಾದ ಮೇಲೆ, ಚೌಕಟ್ಟಿಗೆ ಹುಳ ಹತ್ತಿದ್ದು ನೋಡಿ, ಬಡಿಗೇರ ಮಾನಪ್ಪನಿಗೆ ಹೊಸ ಬಾಗಿಲು ಹೇಳಿದ್ದೆ.

ಬಂದವರಿಗೆಲ್ಲ ಅಪ್ಪ ಆ ಬಾಗಿಲಿನ ಕಥೆ ಹೇಳುತ್ತಿದ್ದ. ಆ ಕಥೆಯಲ್ಲಿ ಎತ್ತು ಇದ್ದವು, ಗಾಡಿ ಇತ್ತು, ಬಾಗಿಲಿನ ಮೇಲೆ ಹಾಸಿಗೆ ಹಾಸಿ ಮಲಗಿಸಿದ ಮೂರು ತಿಂಗಳ ಕೂಸು ನಾನೂ ಇದ್ದೆ. ನಾನದನ್ನು ಎಷ್ಟೋ ಭಾಷಣಗಳಲ್ಲಿ ಬಳಸಿಕೊಂಡಿದ್ದೇನೆ.

ಆರನೆಯ ಕಂತಿಗೆ ಬಂದೆವು. ಪ್ರೇಕ್ಷಕರೆಲ್ಲ ಒಕ್ಕೊರಲಿನಿಂದ ಹೊಗಳಿದ ದೃಶ್ಯ ಅದರಲ್ಲಿತ್ತು. ಏರು ಹತ್ತಲಾರದೆ ಎತ್ತುಗಳು ನಿಂತಿವೆ. ಗಾಡಿಯಲ್ಲಿ ತಾಯಿಯ ತವರಿನ ದೊಡ್ಡ ಮರದ ಕಪಾಟು. ಗಾಡಿ ಹಗುರಾಗಲೆಂದು ಇಳಿದು, ಪಕ್ಕದಲ್ಲಿ ನಡೆದು ನಡೆದು ಸುಸ್ತಾದ ಮಗಳು. ತಂದೆ ಬಹಳ ಹೊತ್ತು ಕಪಾಟಿನ ಮೇಲೆ ಕೈ ಇಟ್ಟು ನಿಲ್ಲುತ್ತಾನೆ, ಆಮೇಲೆ ಅದನ್ನು ದಾರಿಯ ಬದಿಗೆ ಇಳಿಸಿ, ಮಗಳನ್ನು ಎತ್ತಿ ಗಾಡಿಯಲ್ಲಿ ಕೂರಿಸುತ್ತಾನೆ. ಹಿನ್ನೆಲೆಯಲ್ಲಿ ಪಿಟೀಲು. ಪೂರ್ವಜರ ನೆನಪನ್ನು ಧೂಳಿನಲ್ಲಿ ಬಿಟ್ಟು ಹೋಗುವ ದುಃಖ! ನನ್ನ ಕಣ್ಣು ತುಂಬಿ ಬಂತು. ರುದ್ರಪ್ಪ ಕೂಡ ಟವೆಲಿನಿಂದ ಕಣ್ಣೊರೆಸಿಕೊಂಡ.

"ಶಾಣ್ಯಾ ಅದಾನ" ಎಂದಳು ಗಂಗಕ್ಕ.

ನನಗೆ ರೇಗಿತು. ರಿಮೋಟ್ ಒತ್ತಿದೆ. "ಅಲ್ಲವಾ, ಮಂದಿ ಅಳಾಕತ್ತಾರ. ಅಂಥಾ ಕಪಾಟ ಒಗದ್ನಲ್ಲ ಅಂತ ನಿನಗ ಕೆಟ್ಟ ಅನಸಂಗಿಲ್ಲೇನ?"

"ಯಾಕ ಕೆಟ್ಟ ಅನಸಬೇಕು? ಕಪಾಟ ಇಳಿಸಿದ, ಹುಡುಗೀನ ಕುಂಡ್ರಿಸಿದ. ನಮ್ಮಪ್ಪ ಬಾಗಲಾ ಕುಂಡ್ರಿಸಿದ, ನನ್ನ ಇಳಿಸಿದ."

ಅವಳು ಮೊಣಕಾಲು ನೀವಿಕೊಳ್ಳುತ್ತಲೇ ಹೇಳಿದಳು. "ಇದ್ದದ್ದ ಒಂದ ಗಾಡಿ. ಬಾಗಲಾ, ಅದರ ಮ್ಯಾಲ ನೀ, ಬಾಜೂಕ ಬಾಣಂತಿ ಅವ್ವ. ಗಂಗೀ, ಎತ್ತಿಗೆ ಭಾರ ಆಗತೈತಿ, ನೀ ಇಳಿ ಅಂದ. ನನ್ನ ಕೈಯಾಗ ಕಂದೀಲ ಕೊಟ್ಟ, ಗಾಡ್ಯಾಗ ಇಟ್ರ ಗಾಜ ಒಡದೀತು ಅಂತ. ಹುಕ್ಕೇರಿಗೆ ಬರೂದರಾಗ ಕಾಲ ಬಾತಿದ್ವು. ಗೋಕಾಕ ಬರಲಿ, ಕುಂಡ್ರಿಸ್ತೇನಿ ಅಂದ. ಗೋಕಾಕ ಬಂತು. ಇನ್ನೇನ ಮೇಲವಂಕಿ ಇಲ್ಲೇ ಐತಿ ಅಂದ. ಬಾಗಲಾ ಕುಂತ ಬಂತು, ನೀ ಮಕ್ಕೊಂಡ ಬಂದಿ, ನಾ ನಡಕೋತ ಬಂದ್ನಿ. ಹಚ್ಚಪಾ, ಮುಂದ ಏನಾತು ನೋಡೂಣು."

ನಾನು ಹಚ್ಚಿದೆ, ಆದರೆ ಮುಂದೇನಾಯಿತೋ ನೋಡಲಿಲ್ಲ. ಒಂಬತ್ತು ವರ್ಷದ ಹುಡುಗಿ, ಎರಡು ದಿನದ ದಾರಿ. ಅಪ್ಪನ ಕಥೆಯಲ್ಲಿ ಎತ್ತುಗಳ ಬಣ್ಣವೂ ಇತ್ತು. ಅಕ್ಕ ಎಲ್ಲಿದ್ದಳು ಎಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ಕಂತು ಕಂತಿನಲ್ಲೂ ಅವಳು ಬಾಗಿಲು ಹುಡುಕುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಬಾಗಿಲು ಕಂಡರೆ, ಇಳಿಯಬೇಕಾದ ಹುಡುಗಿ ಯಾರು ಎಂದು ಅವಳಿಗೆ ಗೊತ್ತಾಗುತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು.

ನಾಚಿಕೆಯಾದ ಮೇಷ್ಟ್ರು ಏನು ಮಾಡುತ್ತಾನೆ? ಭಾವುಕನಾಗುತ್ತಾನೆ. ಮರುದಿನ ಮಾನಪ್ಪ ಅಳತೆಪಟ್ಟಿ ಹಿಡಿದು ಬಂದಾಗ, ಆ ಬಾಗಿಲು ನಮ್ಮ ಮನೆತನದ ಕಷ್ಟದ ಸಾಕ್ಷಿ, ಅದನ್ನು ಮುಟ್ಟಬೇಡ ಎಂದು ಗದ್ಗದವಾಗಿ ಹೇಳಿ ಕಳಿಸಲು ಹೊರಟೆ. ಗಂಗಕ್ಕ ಒಳಗಿನಿಂದ ಕುಂಟುತ್ತ ಬಂದಳು.

"ಯಾಕ, ನಿನ್ನ ತಲಿ ಇನ್ನೂ ಗಟ್ಟಿ ಐತೇನ? ತಗಸ ಅದನ್ನ."

"ಅಪ್ಪನ ನೆನಪು, ಅಕ್ಕಾ."

"ಅಪ್ಪನ ನೆನಪ ನನ್ನ ಮೊಣಕಾಲಾಗ ಐತಿ. ಐವತ್ತ ವರ್ಷ ಆತು, ನನಗ ಈ ಬಾಗಲಾ ಕಂಡ್ರ ಆಗಂಗಿಲ್ಲ."

ಬಾಗಿಲು ಇಳಿಯಿತು. ಮಾನಪ್ಪ ಕದಗಳನ್ನು ಬೆರಳಿನಿಂದ ಬಡಿದು ನೋಡಿ, "ಚೌಕಟ್ಟ ಹುಳಾ ತಿಂದಾವ್ರಿ. ಕದಾ ಮಾತ್ರ ಭಾಳ ಛಲೋ ಅದಾವು. ಒಗೀಬ್ಯಾಡ್ರಿ ಸರ್, ಏನರ ಮಾಡೂಣ್ರಿ" ಎಂದ. ನಾನು ಅಂಗಳದಲ್ಲಿ ಮಲಗಿದ ಕದಗಳನ್ನೂ, ಗೋಡೆ ಹಿಡಿದು ನಿಂತ ಅಕ್ಕನನ್ನೂ ನೋಡಿದೆ. ಒಂದು ಬೆಂಚು ಮಾಡು ಎಂದೆ. ಎತ್ತರ ಎಷ್ಟು ಎಂದ. ಅಕ್ಕನ ಮೊಣಕಾಲಿಗೆ ಹಿಡಿದು ಅಳತೆ ತೆಗೆದುಕೋ ಎಂದೆ.

ವಾರ ಕಳೆದು ಬೆಂಚು ಬಂತು. ನೆಲದಿಂದ ಸರಿಯಾಗಿ ಅವಳಿಗೆ ಬೇಕಾದಷ್ಟೇ ಎತ್ತರ, ಮೂರು ಜನ ಧಾರಾಳವಾಗಿ ಕೂರಬಹುದಾದಷ್ಟು ಉದ್ದ. ಚಿಲಕವಿದ್ದ ಕಡೆ ತೂತು ಹಾಗೇ ಉಳಿದಿದೆ. ರವಿವಾರ ಮಧ್ಯಾಹ್ನ ಗಂಗಕ್ಕ ಅದರ ಸುತ್ತ ಒಂದು ಸಲ ನಡೆದು ನೋಡಿದಳು. ಆಮೇಲೆ ನಡುಮಧ್ಯೆ ಕೂತು, ಎರಡೂ ಕೈ ಎರಡು ಕಡೆ ಊರಿ, ಕಾಲು ಚಾಚಿದಳು. ರಿಮೋಟಿಗಾಗಿ ಕೈ ಚಾಚಿದಳು, ನಾನು ಕೊಟ್ಟೆ.

ಧಾರಾವಾಹಿಗೆ ಎಷ್ಟು ನಕ್ಷತ್ರ ಕೊಡಲಿ ಎಂದು ಕೇಳಿದೆ. ಕಪಾಟು ಇಳಿಸಿದವನಿಗೆ ಎಲ್ಲಾ ಕೊಡು, ಉಳಿದವರದ್ದು ನಿನಗೆ ಬಿಟ್ಟಿದ್ದು ಎಂದಳು. ಹಾಗೇ ಬರೆದು ಹಾಕಿದೆ.

ಬೆಂಚಿನ ತುದಿಯಲ್ಲಿ ಇನ್ನೂ ಜಾಗವಿತ್ತು. ಮೆಲ್ಲಗೆ ಕೂರಲು ಹೋದೆ.

"ಏಳ" ಎಂದಳು ಅಕ್ಕ, ತೆರೆಯಿಂದ ಕಣ್ಣು ತೆಗೆಯದೆ. "ನಿನ್ನ ಪಾಳಿ ಅವತ್ತ ಗಾಡ್ಯಾಗ ಆಗೇತಿ."

ನಾನು ನೆಲದ ಮೇಲೆ ಕೂತೆ. ತೆರೆಯ ಮೇಲೆ ಗಾಡಿಗಳು ಹೊರಟವು.