ಗೂಢಚಾರರ ಆಟವೂ ನಮ್ಮ ಮನೆಯ ಬಹುವಚನವೂ

ಮೊನ್ನೆ ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಪೆನ್ನಿಗೆ ರೀಫಿಲ್ ಕೊಳ್ಳಲು ಒಂದು ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವರು ರೀಫಿಲ್ ಹುಡುಕುತ್ತಲೇ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆಯನ್ನು ನನ್ನ ಕಡೆ ದೂಡಿದರು. ಮುಚ್ಚಳದ ಮೇಲೆ ಹ್ಯಾಟು, ಕಪ್ಪು ಕನ್ನಡಕ, ಕಿವಿಯವರೆಗೆ ಕಾಲರು ಎತ್ತಿಕೊಂಡ ಉದ್ದ ಕೋಟಿನ ಮನುಷ್ಯ. ಹೊಸ ರಟ್ಟಿನ ವಾಸನೆ.

"ಸಿಐಡಿ ಆಟ ಮೇಡಂ, ಹೊಸಾದು ಬಂದೈತೆ. ಮನೆಮಂದಿಯೆಲ್ಲ ಕುಂತು ಆಡಬೌದು ನೋಡ್ರಿ."

"ಮನೆಮಂದಿ ಆಡಬಾರದು," ಎಂದೆ.

"ಯಾಕ್ರಿ? ಚೆನ್ನಾಗಿಲ್ವೇನ್ರಿ?"

"ಚೆನ್ನಾಗಿದೆ. ಅದಕ್ಕೇ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಂಗಡಿಯವರ ಜೊತೆ ಮಾತು ಬೆಳೆಸುವ ಅಭ್ಯಾಸ ನನಗಿಲ್ಲ. ದುಡ್ಡು ಕೊಟ್ಟು ಹೊರಟೆ. ಆದರೆ ಅರ್ಧ ಹೇಳಿದ ಅಭಿಪ್ರಾಯ ಅರ್ಧ ಬೆಂದ ಹುರುಳಿಕಾಳಿನ ಹಾಗೆ, ಹೊಟ್ಟೆಯಲ್ಲಿ ಸುಮ್ಮನಿರುವುದಿಲ್ಲ. ಉಳಿದರ್ಧವನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನಿಮಗೇನೂ ವ್ಯಾಪಾರ ಕೆಡುವುದಿಲ್ಲವಲ್ಲ.

ನನ್ನ ಮೊದಲ ತಕರಾರು ಆ ಕೋಟಿನದೇ. ಅಂಥ ವೇಷದವನೊಬ್ಬ ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದನೆನ್ನಿ. ಗೇಟು ದಾಟುವ ಮೊದಲೇ "ಯಾರ ಮನೆಗೆ ಬಂದ್ರಿ?" "ಕೋಟು ಯಾಕ್ರಿ ಈ ಬಿಸಿಲಾಗೆ, ಚಳಿಜ್ವರ ಏನ್ರಿ?" ಎಂದು ಶುರುವಾಗಿ, ಕಾಫಿ ಕುಡಿಯುವಷ್ಟರಲ್ಲಿ ಅವನ ಸೋದರತ್ತೆಯನ್ನು ಯಾವ ಊರಿಗೆ ಕೊಟ್ಟಿದೆ ಎಂಬುದೂ ಪತ್ತೆಯಾಗಿರುತ್ತದೆ. ನಮ್ಮ ಕಡೆ ಗುಟ್ಟು ಕಾಪಾಡಬೇಕಾದವರು ಮುಖ ಮುಚ್ಚಿಕೊಳ್ಳಬಾರದು. ಎಲ್ಲರ ಎದುರಿಗೇ ಕೂತು ಅವರೆಕಾಯಿ ಸುಲಿಯಬೇಕು.

ಈ ತಿಳಿವಳಿಕೆ ನನಗೆ ಬಂದದ್ದು ಇದೇ ಆಟದಿಂದ, ನಾನು ಹೈಸ್ಕೂಲಿನಲ್ಲಿದ್ದಾಗ. ಅಪ್ಪ ಚಿಕ್ಕಜಾಜೂರು ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ರೈಲ್ವೆ ಕ್ವಾರ್ಟರ್ಸಿನ ಮನೆಯಲ್ಲಿ ಅಪ್ಪ, ಅಮ್ಮ, ನಾನು, ಅಪ್ಪನ ತಾಯಿಯಾದ ಅಜ್ಜಿ, ಅಪ್ಪನ ತಂಗಿ ಸರೋಜತ್ತೆ. ಅತ್ತೆ ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರು. 'ಮೇಡಂ' ಎಂಬ ಪದ ಆಗಿನ್ನೂ ನಮ್ಮೂರಿಗೆ ಬಂದಿರಲಿಲ್ಲ. ಮುಂಬಯಿಯಲ್ಲಿದ್ದ ನನ್ನ ಸೋದರಮಾವ ರಜೆಗೆ ಬರುವಾಗ, ಯಾರೋ ಫಾರಿನ್‌ನಿಂದ ತಂದುಕೊಟ್ಟದ್ದೆಂದು, ಈ ಆಟವನ್ನು ತಂದ. ಎಲ್ಲರೂ ಸೀರೆ ಇರಬಹುದೆಂದು ಪೆಟ್ಟಿಗೆಯನ್ನು ಆಸೆಯಿಂದ ಬಿಚ್ಚಿದ್ದು ನೆನಪಿದೆ.

ನಿಯಮಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮನೆಯಲ್ಲಿ ಇಂಗ್ಲಿಷಿನ ಜಂಬ ನನ್ನದಾಗಿದ್ದರಿಂದ ಅನುವಾದವೂ ನನ್ನ ಪಾಲಿಗೇ ಬಂತು. ಆಟ ಹೀಗೆ: ಹಲಗೆಯ ಮೇಲೆ ಬಣ್ಣಬಣ್ಣದ ಕಾಯಿಗಳು. ಪ್ರತಿಯೊಬ್ಬರೂ ಒಂದು ಚೀಟಿ ಎತ್ತಿ ಗುಟ್ಟಾಗಿ ನೋಡಿಕೊಳ್ಳಬೇಕು. ಅದರಲ್ಲಿರುವ ಬಣ್ಣವೇ ಅವರು. ದಾಳ ಹಾಕಿ ಯಾರು ಯಾವ ಕಾಯಿಯನ್ನಾದರೂ ನಡೆಸಬಹುದು, ಹೀಗಾಗಿ ಯಾರ ಕಾಯಿ ಯಾವುದೆಂದು ತಿಳಿಯದು. ರಹಸ್ಯ ಕಾಗದಗಳ ಸೂಟ್‌ಕೇಸನ್ನು ಮೊದಲು ಮುಟ್ಟಿದ ಕಾಯಿ ಗೆದ್ದಂತೆ. ನಡುವೆ ಯಾರ ಮೇಲಾದರೂ ಅನುಮಾನ ಬಂದರೆ ಬೆರಳು ತೋರಿಸಿ "ಹಸಿರು ನೀನೇ" ಎನ್ನಬೇಕು. ಸರಿಯಾದರೆ ಅವರು ಆಟದಿಂದ ಹೊರಗೆ, ತಪ್ಪಾದರೆ ನಾವು.

"ಒಬ್ಬೊಬ್ಬರೂ ಒಬ್ಬೊಬ್ಬ ಏಜೆಂಟ್," ಎಂದು ವಿವರಿಸಿದೆ.

"ಏಜೆಂಟ್ ಅಂದ್ರೆ ಹಿರಿಯೂರು ಬಸ್ ಸ್ಟ್ಯಾಂಡಿನಾಗೆ ಬಸ್ಸಿಗೆ ಜನ ತುಂಬ್ತಾನಲ್ಲ, ಅವನೇನೇ?" ಎಂದರು ಅಜ್ಜಿ.

"ಅಲ್ಲಜ್ಜಿ. ಗೂಢಚಾರ. ಬೇರೆಯವರ ಗುಟ್ಟು ಕದ್ದು ತಿಳ್ಕೊಂಡು ಬಂದು ಹೇಳೋನು."

"ಚಾಡಿಕೋರ ಅನ್ನು ಮತ್ತೆ. ಅದಕ್ಕೆ ಮುಂಬೈಯಿಂದ ತರಬೇಕಿತ್ತಾ?"

ಹಲಗೆಯ ಮೇಲಿದ್ದ ಊರುಗಳಿಗೂ ಅಜ್ಜಿ ಒಪ್ಪಲಿಲ್ಲ. ಬರ್ಲಿನ್ನಿಗೆ ಯಾಕೆ ಹೋಗಬೇಕು, ಅಲ್ಲಿ ನಮ್ಮೋರು ಯಾರವ್ರೆ ಎಂದರು. ಅಪ್ಪ ರೈಲ್ವೆಯ ಅಂಟು ತಂದು ಊರಿನ ಹೆಸರುಗಳ ಮೇಲೆಲ್ಲ ಕಾಗದ ಅಂಟಿಸಿದರು. ವಿಯೆನ್ನಾ ಹೊಸದುರ್ಗವಾಯಿತು, ಲಂಡನ್ ಜವನಗೊಂಡನಹಳ್ಳಿಯಾಯಿತು. ಸೂಟ್‌ಕೇಸು ಚಿತ್ರದುರ್ಗದ ಕೋಟೆ ಸೇರಿತು. ಆ ಮೇಲೆ ಆಟ ಸ್ವಲ್ಪ ನಂಬುವ ಹಾಗಾಯಿತು.

ಆದರೆ ನಿಜವಾದ ಕಷ್ಟ 'ನೀನೇ' ಎನ್ನುವುದರಲ್ಲಿತ್ತು. ಇಂಗ್ಲಿಷಿನವರಿಗೆ ಎದುರಿಗಿದ್ದವರು ಯಾರಾದರೂ ಒಂದೇ ಪದ. ಬೆರಳು ತೋರಿಸಿ ಅದನ್ನು ಅಂದರೆ ಮುಗಿಯಿತು. ನಮ್ಮ ಮನೆಯಲ್ಲಿ ಬೆರಳು ಎತ್ತುವ ಮೊದಲೇ ಎದುರಿಗಿದ್ದವರ ವಯಸ್ಸು, ಸಂಬಂಧ, ಉದ್ಯೋಗ ಎಲ್ಲ ಲೆಕ್ಕ ಹಾಕಬೇಕು. ಅಜ್ಜಿ ಎಲ್ಲರಿಗೂ 'ನೀನು' ಎನ್ನುವವರು. ನಾನು ಎಲ್ಲರಿಗೂ 'ನೀವು' ಎನ್ನಬೇಕಾದವಳು, ಅಮ್ಮನೊಬ್ಬಳನ್ನು ಬಿಟ್ಟು. ಅಮ್ಮನ ಪಾಡು ಎಲ್ಲಕ್ಕಿಂತ ಕಷ್ಟ. ಗಂಡನಿಗೆ ಬೆರಳು ತೋರಿಸುವುದೇ ಆಗದು, ಇನ್ನು ಆರೋಪ ಎಲ್ಲಿಂದ? ಗದ್ದ ಎತ್ತಿ, ಗೋಡೆ ನೋಡುತ್ತ, "ಕೆಂಪು… ಇವ್ರೇ ಏನೋಪ್ಪ" ಎನ್ನುತ್ತಿದ್ದಳು.

ಅಪ್ಪನ ಬಣ್ಣ ಅವಳಿಗೆ ಹೇಗೋ ಮೊದಲ ಸುತ್ತಿನಲ್ಲೇ ತಿಳಿದುಹೋಗುತ್ತಿತ್ತು. ತಿಳಿದ ಮೇಲೆ ಆ ಕಾಯಿಗೆ ಅವಳು ಬಹುವಚನ ಹಚ್ಚಿಬಿಡುತ್ತಿದ್ದಳು. "ಹಸಿರೋನ್ನ ಮೂರು ಮನೆ ಹಿಂದಕ್ಕೆ ತಳ್ಳು. ನೀಲಿಯೋನು ಅಲ್ಲೇ ಬಿದ್ದಿರ್ಲಿ. ಕೆಂಪಿನವರು ಹೊಳಲ್ಕೆರೆಗೆ ದಯಮಾಡಿಸ್ಲಿ." ಅಷ್ಟು ಸಾಕು, ಕೆಂಪು ಯಾರೆಂದು ಇಡೀ ಮನೆಗೆ ಗೊತ್ತು. ಅಪ್ಪ ಒಂದು ಸಲವೂ ಗೆಲ್ಲಲಿಲ್ಲ. ಪತಿಭಕ್ತಿಯಿಂದ ಗಂಡನನ್ನು ಶತ್ರುವಿಗೆ ಹಿಡಿದುಕೊಟ್ಟ ಹೆಂಗಸು ಅಮ್ಮನೊಬ್ಬಳೇ ಇರಬೇಕು.

ಭಾನುವಾರ ಮಧ್ಯಾಹ್ನದ ಈ ಆಟಕ್ಕೆ ಹೊರಗಿನವರೊಬ್ಬರು ಬರುತ್ತಿದ್ದರು: ತಿಪ್ಪೇಸ್ವಾಮಿ. ಟಿಕೆಟ್ ಕೌಂಟರಿನಲ್ಲಿ ಕೆಲಸ. ಧರ್ಮಪುರದ ಕಡೆಯವರು, ಮನೆಯಲ್ಲಿ ಕುರಿ ಸಾಕಣೆ, ಅವರ ಕುಲದಲ್ಲಿ ಸರ್ಕಾರಿ ಸಂಬಳ ಎಣಿಸಿದ ಮೊದಲಿಗರು. ನಮ್ಮ ಜಾತಿಯಲ್ಲ. ಅಪ್ಪ "ಬರ್ರಿ ಬರ್ರಿ, ಕುಂತ್ಕಳ್ರಿ" ಎನ್ನುತ್ತಿದ್ದರು. ಸರೋಜತ್ತೆ ಅವರೊಂದಿಗೆ ಮಾತಾಡುತ್ತಿದ್ದುದೇ ಕಡಿಮೆ. ಆಡಿದರೂ ವ್ಯಾಕರಣ ಪುಸ್ತಕದಿಂದ ಎತ್ತಿ ತಂದಂಥ ಬಹುವಚನ: "ದಾಳ ತಮ್ಮ ಹತ್ತಿರ ಇದೆ. ತಾವು ಹಾಕಬಹುದು." ಇಷ್ಟು ಸೌಜನ್ಯ ಏನೋ ಅತಿಯಾಯಿತೆಂದು ಆಗಲೇ ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾನಾಗ ಗೂಢಚಾರರನ್ನು ಹಲಗೆಯ ಮೇಲೆ ಹುಡುಕುತ್ತಿದ್ದೆ.

ಆ ದಿನಗಳಲ್ಲೇ ಅತ್ತೆಗೆ ಹಿರಿಯೂರಿನಿಂದ ಒಂದು ಸಂಬಂಧ ಬಂದಿತ್ತು. ಅಕ್ಕಿ ಗಿರಣಿಯವರು. ಹುಡುಗನ ಫೋಟೊದಲ್ಲಿ ಹುಡುಗನಿಗಿಂತ ಗಿರಣಿಯೇ ಹೆಚ್ಚು ಕಾಣುತ್ತಿತ್ತು. ಅಜ್ಜಿಗೆ ಪೂರ್ತಿ ಒಪ್ಪಿಗೆ, ಅಪ್ಪನಿಗೆ ಮುಕ್ಕಾಲು. ಅತ್ತೆಯನ್ನು ಕೇಳಿದರೆ "ನೋಡಾಣ" ಎಂದು ಹೊಲಿಗೆ ಹಿಡಿದು ಕೂರುತ್ತಿದ್ದಳು. ಮುಂದಿನ ಭಾನುವಾರ ಅವರು ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು. ಹಾಗಾದ್ದರಿಂದ ಈ ಭಾನುವಾರದ ಆಟವೇ ಸದ್ಯಕ್ಕೆ ಕೊನೆಯದು.

ಅವತ್ತು ಅತ್ತೆಯ ಕೈ ಯಾಕೋ ಬಿರುಸಾಗಿತ್ತು. ದಾಳವನ್ನು ಹಾಕುತ್ತಿರಲಿಲ್ಲ, ಎಸೆಯುತ್ತಿದ್ದಳು. ಹಳದಿ ಕಾಯಿ ಸದ್ದಿಲ್ಲದೆ ಚಿತ್ರದುರ್ಗದ ಬಾಗಿಲಿಗೆ ಬಂದು ನಿಂತಿತ್ತು.

"ಈ ಹಳದಿ ಯಾರದೋ ಏನೋ, ಭಾರಿ ಜೋರೈತೆ ಕಣ್ರಿ," ಎಂದರು ತಿಪ್ಪೇಸ್ವಾಮಿ, ಹಸುಗೂಸಿನ ಮುಖ ಮಾಡಿಕೊಂಡು.

"ಲೇ, ಸುಳ್ಳು ಹೇಳಬ್ಯಾಡ! ಹಳದಿ ನೀನೇ ಕಣೋ!"

ಹೇಳಿದವಳು ಸರೋಜತ್ತೆ. ತಿಪ್ಪೇಸ್ವಾಮಿ ಗೊಳ್ಳೆಂದು ನಕ್ಕು ಚೀಟಿ ಬಿಚ್ಚಿ ತೋರಿಸಿದರು. ಹಳದಿಯೇ.

ಆ ಮೇಲೆ ಯಾರೂ ದಾಳ ಮುಟ್ಟಲಿಲ್ಲ. ಹೊರಗೆ ಗೂಡ್ಸ್ ಗಾಡಿಯೊಂದು ಲೈನು ಬದಲಾಯಿಸುತ್ತಿತ್ತು. ಮದುವೆಯಾಗದ ಹೆಣ್ಣು, ಅಣ್ಣನ ಜೊತೆ ಕೆಲಸ ಮಾಡುವ ಗಂಡಸಿಗೆ 'ಲೇ' ಎಂದಿದ್ದಳು. ಅಮ್ಮ ತೇಪೆ ಹಾಕಲು ನೋಡಿದಳು: "ಆಟದ ಬಿರುಸಿನಾಗೆ ಬಾಯಿ ತಪ್ಪಿ ಬಂತು, ತಪ್ಪು ತಿಳ್ಕಬ್ಯಾಡ್ರಿ." ಅಪ್ಪ ಆ ತೇಪೆಗೆ ಕೃತಜ್ಞರಾಗಿ ತಲೆಯಾಡಿಸಿದರು. ಬಹುಶಃ ಅಲ್ಲಿಗೆ ಮುಗಿದೇಹೋಗುತ್ತಿತ್ತು.

ಗೋಡೆಗೆ ಒರಗಿ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕುಟ್ಟಾಣಿ ನಿಲ್ಲಿಸಿದರು.

"ಅವಳದ್ದು ಬಿಡು, ಬಾಯಿ ತಪ್ಪೈತೆ. ಏನಪ್ಪ ತಿಪ್ಪೇಸ್ವಾಮಿ, ಮೊನ್ನೆ ಟಿಕೆಟ್ ಕಿಟಕಿಯಾಗೆ ಯಾವನೋ 'ಲೇ' ಅಂದ ಅಂತ ಅವನ ಕೊರಳಪಟ್ಟಿಗೆ ಕೈ ಹಾಕಿದ್ಯಂತೆ. ಇವತ್ತು ನಗ್ತೀಯಲ್ಲ, ಯಾಕಪ್ಪ?"

ತಿಪ್ಪೇಸ್ವಾಮಿ ದಡಬಡನೆ ಎದ್ದರು. ಆಂಧ್ರದ ಗಡಿಯ ಧರ್ಮಪುರದವರು ಸಂಕಟ ಬಂದಾಗ ತೆಲುಗಿಗೆ ಹೊರಳುತ್ತಾರೆ. "ಅದಿ… ಅಮ್ಮಾ…" ಎಂದೇನೋ ಗೊಣಗಿ ಚಪ್ಪಲಿ ಮೆಟ್ಟಿ ಹೊರಟರು. ಮೆಟ್ಟಿದ್ದು ಅಪ್ಪನ ಚಪ್ಪಲಿ. ಅದನ್ನು ಹೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಮಾರನೆಯ ದಿನದಿಂದ ಅಜ್ಜಿ ಅತ್ತೆಯ ಜೊತೆ ಮಾತು ಬಿಟ್ಟರು. ಮಾತಾಡುವುದಿದ್ದರೆ ನನ್ನ ಮೂಲಕ. "ನಿಮ್ಮತ್ತೆಗೆ ಉಣ್ಣಾಕೆ ಬರಬೇಕಂತೆ ಹೇಳು." ಅತ್ತೆ ಅಲ್ಲೇ ಎರಡು ಮಾರು ದೂರ ಕೂತಿರುತ್ತಿದ್ದಳು. ನಾನು ಹೇಳುತ್ತಿದ್ದೆ. ನಿಜವಾದ ಗೂಢಚರ್ಯೆ ಇಷ್ಟು ಬೇಸರದ ಕೆಲಸವೆಂದು ಆ ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರಲಿಲ್ಲ.

ಶುಕ್ರವಾರವೋ ಶನಿವಾರವೋ, ಹಿರಿಯೂರಿನವರು ಬರುವ ಮುಂಚೆ, ಅಪ್ಪ ಧೈರ್ಯ ಮಾಡಿ ಅಜ್ಜಿಯ ಮುಂದೆಯೇ ಅತ್ತೆಯನ್ನು ಕೇಳಿದರು: "ಸರೋಜ, ಗಿರಣಿಯವರನ್ನ ಬರ್ರಿ ಅನ್ನೋದೋ ಬ್ಯಾಡ್ರಿ ಅನ್ನೋದೋ? ಬಾಯಿ ಬಿಟ್ಟು ಹೇಳು."

ಅತ್ತೆ ಅಜ್ಜಿಯ ಕಡೆ ತಿರುಗಿದಳು. "ಅವ್ವಾ, ನಾನು ದಿನವಿಡೀ ಎಲ್ಲರಿಗೂ ರೀ ಅಂತೀನಿ. ಹೆಡ್‌ಮೇಷ್ಟ್ರಿಗೆ ರೀ, ಇನ್‌ಸ್ಪೆಕ್ಟರಿಗೆ ರೀ, ಅಣ್ಣಂಗೂ ರೀ. ಗಿರಣಿಯೋರನ್ನ ಕಟ್ಕಂಡ್ರೆ ಸಾಯೋತನಕ ಮನೆಯೊಳಗೂ ರೀ. ನೀನು ಅಂದ್ರೆ ತಿರುಗಿ ನಗೋ ಗಂಡಸು ಒಬ್ಬನೇ ಸಿಕ್ಕಿರೋದು. ಅವನ್ನ ಬಿಡು ಅಂತೀಯಾ?"

ಜಾತಿಯ ಮಾತು, ಕುರಿಹಟ್ಟಿಯ ಮಾತು, ಜನ ಏನಂದಾರು ಎಂಬ ಮಾತು, ಎಲ್ಲ ಅಜ್ಜಿಯ ಬಾಯಲ್ಲಿ ಸಿದ್ಧವಾಗಿದ್ದವು. ಮುಖದಲ್ಲಿ ಅವು ಸಾಲಾಗಿ ನಿಂತದ್ದೂ ಕಾಣುತ್ತಿತ್ತು. ಆದರೆ ಬಂದ ಮಾತೇ ಬೇರೆ.

"ನಿಮ್ಮಪ್ಪನ್ನ ನಾನು ಒಂದೇ ಸಲ ನೀನು ಅಂದಿದ್ದು," ಎಂದರು ಅಜ್ಜಿ. "ಅವರನ್ನ ಚಟ್ಟದ ಮ್ಯಾಲೆ ಮಲಗಿಸಿದಾಗ. 'ನನ್ನ ಬಿಟ್ಟು ಹೋದ್ಯಲ್ಲೋ' ಅಂತ. ಆವಾಗ ಯಾರೂ ಬೈಲಿಲ್ಲ."

ನಮ್ಮ ಕಡೆ ಸಾವಿನ ಅಳು ಏಕವಚನದಲ್ಲೇ ಇರುತ್ತದೆ. ಅದುವರೆಗೆ ನಾನು ಅದನ್ನು ಗಮನಿಸಿರಲಿಲ್ಲ. ಇಡೀ ಸಂಸಾರ ಬಹುವಚನದಲ್ಲಿ ಮಾಡಿದವರಿಗೆ ಅಲ್ಲಿ ಮಾತ್ರ ರಿಯಾಯಿತಿ. ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳುವವರು ಇರುವುದಿಲ್ಲ ಎಂಬುದು ಬೇರೆ ವಿಷಯ.

ಸೋಮವಾರ ಅಜ್ಜಿ ತಮ್ಮ ಷರತ್ತು ಹೇಳಿದರು. ನನ್ನ ಮೂಲಕವಲ್ಲ, ನೇರವಾಗಿ. "ಅವನನ್ನೇ ಕಟ್ಕ. ಆದ್ರೆ ನಾಲ್ಕು ಜನದ ಮುಂದೆ, ನನ್ನ ಮುಂದೆ, 'ರೀ' ಅನ್ನಬೇಕು. ಒಳಗೆ ಏನನ್ನ ಅಂದ್ಕ, ನನ್ನ ಕಿವಿಗೆ ಬೀಳಬಾರದು."

ಗಿರಣಿಯವರು ಆ ಭಾನುವಾರ ಬರದಂತೆ ಅಪ್ಪ ಏನು ಕಾರಣ ಹೇಳಿದ್ದರೋ ತಿಳಿಯದು. ಮದುವೆ ಸಣ್ಣದಾಗಿ ಆಯಿತು. ನೆಂಟರಲ್ಲಿ ಅರ್ಧ ಜನ ಬರಲಿಲ್ಲ, ಬಂದವರು ಚೆನ್ನಾಗಿ ಉಂಡರು. ಧರ್ಮಪುರದ ಬೀಗರು ಒಂದು ಟಗರು ಹಿಡಿದು ತಂದಿದ್ದರು. ಅದನ್ನು ಕಟ್ಟಲು ಜಾಗವಿಲ್ಲದೆ ಗೂಡ್ಸ್ ಆಫೀಸಿನ ಕಂಬಕ್ಕೆ ಕಟ್ಟಿದರೆ, ಅದು ಯಾರದೋ ಬುಕಿಂಗ್ ಸಾಮಾನೆಂದು ತೂಕಕ್ಕೆ ಹೋಗಿಬಂತು. ಅತ್ತೆ ಅಂದಿನಿಂದ ನಮ್ಮೆಲ್ಲರ ಎದುರು ಅಚ್ಚುಕಟ್ಟಾದ ಬಹುವಚನದಲ್ಲೇ ಮಾತಾಡಿದಳು. "ಏನ್ರಿ, ಕಾಫಿ ತರ್ಲೇನ್ರಿ?" ಇಷ್ಟು ಚೆನ್ನಾಗಿ ಅಂದಳೆಂದರೆ ನನಗೆ ದಿಗಿಲಾಗತೊಡಗಿತು. ವೇಷ ಬಹಳ ದಿನ ಹಾಕಿಕೊಂಡರೆ ಮೈಗೇ ಅಂಟುತ್ತದಂತೆ. ಯಾವುದಕ್ಕಾಗಿ ಅವಳು ಅಷ್ಟೆಲ್ಲ ಮಾಡಿದಳೋ ಅದೇ ಒಂದು ಪದ ಷರತ್ತಿನ ಕೆಳಗೆ ಸಿಕ್ಕಿ ಸತ್ತುಹೋಯಿತೇ? ಇದನ್ನು ಯಾರನ್ನೂ ಕೇಳುವಂತಿರಲಿಲ್ಲ. ಓದಲು ಮೈಸೂರಿಗೆ ಹೋದೆ, ಎಂ.ಎ. ಮುಗಿಸಿದೆ, ಚಿತ್ರದುರ್ಗಕ್ಕೆ ಕೆಲಸಕ್ಕೆ ಬಂದೆ. ಕೇಳಲಿಲ್ಲ.

ಹಾಗಾಗಿ ಆ ಆಟದ ಬಗ್ಗೆ ನನ್ನ ಒಟ್ಟು ಅಭಿಪ್ರಾಯ ಇದು: ದಾಳ ಚೆನ್ನಾಗಿದೆ, ಕಾಯಿಗಳು ಗಟ್ಟಿಯಾಗಿವೆ, ಬಣ್ಣ ಹೋಗುವುದಿಲ್ಲ. ಆದರೆ ಗುಟ್ಟು ಸಿಕ್ಕಿಬಿದ್ದವರು ಆಟದಿಂದ ಹೊರಗೆ ಎನ್ನುತ್ತದೆ ನಿಯಮ. ಅದನ್ನು ಬರೆದವನಿಗೆ ಅಜ್ಜಿ ಇರಲಿಲ್ಲವೆಂದು ಕಾಣುತ್ತದೆ.

ಅಂಗಡಿಯ ಪ್ರಸಂಗವಾದ ಮಾರನೆಯ ದಿನ ಭಾನುವಾರ. ಮನಸ್ಸು ತಡೆಯದೆ ಹೊಳಲ್ಕೆರೆಯ ಬಸ್ಸು ಹತ್ತಿದೆ. ತಿಪ್ಪೇಸ್ವಾಮಿ ಮಾವನಿಗೆ ಈಗ ಅಲ್ಲಿಯ ಸ್ಟೇಷನ್ನಿಗೆ ವರ್ಗವಾಗಿದೆ. ಹೇಳದೆ ಹೋಗಿದ್ದೆ. ಕ್ವಾರ್ಟರ್ಸಿನ ಬಾಗಿಲು ಅರ್ಧ ತೆರೆದಿತ್ತು, ಹಜಾರದಲ್ಲಿ ಯಾರೂ ಇಲ್ಲ. ಕರೆಯಬೇಕೆನ್ನುವಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆಯ ದನಿ ಬಂತು.

"ಲೇ, ಹಾಲು ಉಕ್ತಾ ಐತೆ, ಕಣ್ಣು ಎಲ್ಲಿಟ್ಟಿದ್ದೀಯೋ? ಇಳಿಸೋ ಮಾರಾಯ!"

"ಇಳಿಸ್ದೆ ಕಣೆ, ಕೂಗ್ಬ್ಯಾಡ. ಊರಿಗೆಲ್ಲ ಕೇಳಿಸ್ತೈತೆ."

"ಕೇಳಿಸ್ಲಿ ಬಿಡು. ಇಲ್ಲಿ ನಮ್ಮೋರು ಯಾರವ್ರೆ?"

ನಾನು ಒಳಗಿಟ್ಟ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದೆ. ಅಂಗಳ ದಾಟಿ ಗೇಟಿನ ಆಚೆ ಹೋಗಿ ನಿಂತೆ. ಗೇಟಿನ ಅಗುಳಿಯನ್ನು ಬೇಕೆಂದೇ ಜೋರಾಗಿ ಬಡಿದು, ಚೆನ್ನಾಗಿ ಒಮ್ಮೆ ಕೆಮ್ಮಿ, "ಅತ್ತೇ, ಮನೇಲಿದ್ದೀರಾ?" ಎಂದು ಕೂಗಿದೆ.

ಒಳಗೆ ಪಾತ್ರೆಗೆ ತಟ್ಟೆ ಮುಚ್ಚಿದ ಸದ್ದು. ಆಮೇಲೆ, ಸ್ವಚ್ಛವಾದ ಮೇಷ್ಟರ ಕನ್ನಡದಲ್ಲಿ: "ರೀ, ಯಾರು ಬಂದಿದ್ದಾರೆ ನೋಡ್ರಿ."