ನೂಲು ಹಿಡಿದ ನಾಲೆ

ಪಕ್ಕದ ಸೈಟಿನವರು ಮನೆ ಕಟ್ಟಿಸಲು ತರಿಸಿದ ಮಣ್ಣು, ಮರಳು ಎರಡೂ ನಮ್ಮ ಗೇಟಿನ ಮುಂದೆ ಒಂದೇ ಗುಡ್ಡೆಯಾಗಿ ಬಿದ್ದಿವೆ. ಇಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದಾಗ ಅವರ ನಲ್ಲಿಯನ್ನು ಯಾರೋ ತೆರೆದೇ ಬಿಟ್ಟು ಹೋಗಿದ್ದರು. ನೀರು ಗುಡ್ಡೆಯ ಮೇಲೆ ಹರಿದು ಹಸಿ ಮಣ್ಣಿನ ವಾಸನೆ ಎದ್ದಿತ್ತು. ಮೇಲಿನ ಜೇಡಿ ಪದರ ಮೊದಮೊದಲು ಜಗ್ಗಲಿಲ್ಲ. ಅದರಡಿಯ ಮರಳು ಮಾತ್ರ ಸದ್ದಿಲ್ಲದೆ ಜಾರಿತು. ಆಮೇಲೆ ಆಸರೆ ತಪ್ಪಿದ ಜೇಡಿ ಹೆಂಟೆಹೆಂಟೆಯಾಗಿ ಕಳಚಿ ಬಿತ್ತು. ನನಗೆ ಕೆಳಗದ್ದೆಯ ಮಾವ ನೆನಪಾದರು. ಒಳ್ಳೆಯ ಕಾರಣಕ್ಕೆ ಅವರನ್ನು ನೆನೆಯುವ ಸಂದರ್ಭ ಇದುವರೆಗೆ ನನಗೆ ಒದಗಿಲ್ಲ.

ರಕ್ತಸಂಬಂಧವೇನೂ ಇಲ್ಲ. ಅಕ್ಕಿಹೆಬ್ಬಾಳಿನ ಬಳಿ ನಮ್ಮ ಗದ್ದೆಯ ಕೆಳಗೆ ಅವರ ಗದ್ದೆ ಇತ್ತು, ಅದಕ್ಕೇ ಮಾವ. ಅಪ್ಪನನ್ನು ಅವರು ಭಾವ ಎನ್ನುತ್ತಿದ್ದರು. ಅಪ್ಪ ಪಲ್ಟನ್ನಿನಲ್ಲಿದ್ದು ಬಂದವರು. ನಮ್ಮ ಮನೆಯಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಗುದ್ದಲಿ ತೊಳೆದು ಗೋಡೆಗೆ ಒರಗಿಸುವುದಕ್ಕೆ ಎಲ್ಲಕ್ಕೂ ಹೊತ್ತು ಗೊತ್ತಿತ್ತು. ಮಾವನ ದಿನಚರಿ ಇನ್ನೂ ಸರಳ. ಮನೆಯ ಮುಂದೆ ಚಿನಕುರಳಿಯಿಂದ ಗಾಡಿಯಲ್ಲಿ ತರಿಸಿದ ಉದ್ದನೆಯ ಕಲ್ಲುಬೆಂಚು. ಅದರ ಮೇಲೆ ಇಸ್ತ್ರಿ ಪಂಚೆಯುಟ್ಟು ಕೂರುವುದು, ದಾರಿಯಲ್ಲಿ ಹೋಗುವವರಿಗೆ ಬುದ್ಧಿ ಹೇಳುವುದು. ಆ ಪಂಚೆ ಕೊಳೆಯಾದದ್ದನ್ನು ನಾನು ಕಾಣೆ. ಬೇಸಾಯಗಾರನಿಗೆ ಇದಕ್ಕಿಂತ ದೊಡ್ಡ ಬೈಗುಳ ನನಗೆ ಗೊತ್ತಿಲ್ಲ.

ಹೇಮಾವತಿಯಿಂದ ಬರುವ ನಮ್ಮ ನಾಲೆಗೆ ನೀರು ಬಿಡುವ ಮುಂಚೆ ಪ್ರತಿ ಮನೆಯವರೂ ತಮ್ಮ ಗದ್ದೆಯ ಉದ್ದಕ್ಕೆ ಹೂಳು ತೆಗೆಯಬೇಕಿತ್ತು. ತೆಗೆಯುವುದೆಂದರೆ ಸಡಿಲವಾದ ಹೂಳು ಮತ್ತು ಕಸ, ಅಷ್ಟೇ. ಅದರಡಿಯ ತಳವನ್ನು ಯಾರೂ ಮುಟ್ಟುತ್ತಿರಲಿಲ್ಲ. ವರ್ಷಗಟ್ಟಲೆ ನೀರು ಹರಿದು, ಮರಳಿನ ಸಂದಿಗೆ ಜೇಡಿ ಇಳಿದು, ಅದು ಗಾರೆಯ ಹಾಗೆ ಗಟ್ಟಿಯಾಗಿತ್ತು. ಅದಕ್ಕೂ ಕೆಳಗೆ ಬರೀ ಮರಳು. ಎಂದೋ ಹೊಳೆ ಹರಿದಿದ್ದ ಜಾಗವಿರಬೇಕು...

ಅರವತ್ತರ ದಶಕದ ಒಂದು ಮುಂಗಾರಿನಲ್ಲಿ ಮಾವ ಆಳು ಹಿಡಿದು ಆ ಗಟ್ಟಿ ತಳವನ್ನೇ ಕಿತ್ತು ಹಾಕಿಸಿದರು. ಬದಿಯ ಗರಿಕೆ ಹೆರೆಸಿ, ಡೊಂಕು ತೆಗೆಸಿ, ತಮ್ಮ ಪಾಲಿನ ನಾಲೆಯನ್ನು ನೇರ ಮಾಡಿಸಿದರು. ಆಮೇಲೆ ಛತ್ರಿ ಊರಿಕೊಂಡು ಬಂದು, ಏರಿಯ ಮೇಲೆ ನಿಂತು, ನಮ್ಮ ಪಾಲನ್ನು ನೋಡಿ ನಕ್ಕರು.

"ಇದೇನ್ ಭಾವ, ನಾಲೆಯೋ ಕ್ಯಾರೆಹಾವೋ? ನನ್ ಕಡೆ ಬಂದ್ ನೋಡಿ. ನೂಲ್ ಇಡ್ದಂಗೆ ಮಾಡ್ಸಿವ್ನಿ. ನೀರು ಅಂಗೇ ಓಡೋಯ್ತದೆ."

"ಓಡೋಗ್ಲಿ ಅಂತ ಅಲ್ಲ ಕಣಯ್ಯ ನಾಲೆ ಮಾಡಿರೋದು. ಗದ್ದೆಗೆ ಬರ್ಲಿ ಅಂತ," ಎಂದರು ಅಪ್ಪ.

"ಪಲ್ಟನ್ನಲ್ಲಿ ಬಂದೂಕ ಒರೆಸ್ಕಂಡಿದ್ದೋರ್ಗೆ ನೀರಿನ್ ಇಚಾರ ಏನ್ ಗೊತ್ತಾದದು, ಬುಡಿ."

ನೀರು ಬಂತು. ಮೊದಲೆರಡು ದಿನ ನೂಲು ನೂಲಾಗಿಯೇ ಇತ್ತು. ಮಾವ ಸಿಕ್ಕವರನ್ನೆಲ್ಲ ಕರೆದು ತೋರಿಸಿದರು. ಆಮೇಲೆ ನೀರು ಕೆಂಪಗೆ ಕದಡಿತು. ನೇರ ಮಾಡಿದಲ್ಲಿ ನೀರಿನ ರಭಸ ಹೆಚ್ಚಿ, ಹಿಡಿದಿಡಲು ಜೇಡಿಯಿಲ್ಲದ ಮರಳು ಕೊಚ್ಚಿಹೋಗುತ್ತ, ತಳ ಕೆಳಕ್ಕೆ ಇಳಿಯಿತು. ವಾರದೊಳಗೆ ಮಾವನ ತೂಬಿನ ಬಾಯಿ ಮೇಲೆ, ನೀರು ಕೆಳಗೆ. ಗದ್ದೆಯ ಪಕ್ಕದಲ್ಲೇ ನಾಲೆ ಹರಿಯುತ್ತಿದ್ದರೂ ಒಂದು ಹನಿ ಒಳಗೆ ಬಾರದಂತೆ ಏರ್ಪಾಡು ಮಾಡಿಕೊಂಡ ರೈತ ನಮ್ಮ ತಾಲ್ಲೂಕಿನಲ್ಲಿ ಅವರೊಬ್ಬರೇ ಇರಬೇಕು.

ಅಷ್ಟಕ್ಕೇ ನಿಂತಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ನಮ್ಮ ಪಾಲು ಮುಗಿದು ಅವರದು ಶುರುವಾಗುವಲ್ಲಿ ನಾಲೆಯ ತಳದಲ್ಲಿ ಒಂದು ಮೆಟ್ಟಿಲು ಬಿದ್ದಿತ್ತು. ಅಲ್ಲಿ ಧುಮುಕುವ ನೀರು ನಮ್ಮ ಗಟ್ಟಿ ತಳದ ಅಡಿಯ ಮರಳನ್ನು ತಿನ್ನುತ್ತಿತ್ತು. ಮೇಲಿನ ಪದರ ಸೂರಿನಂತೆ ಚಾಚಿ ನಿಲ್ಲುವುದು, ಮುರಿದು ಬೀಳುವುದು, ಮೆಟ್ಟಿಲು ನಮ್ಮ ಕಡೆಗೆ ಇನ್ನಷ್ಟು ಸರಿಯುವುದು... ಅದು ನಮ್ಮ ತೂಬನ್ನು ದಾಟಿದರೆ ನಮಗೂ ನೀರಿಲ್ಲ. ನಾಟಿಗೆಂದು ಒಟ್ಲಿನಲ್ಲಿ ಬೆಳೆಸಿದ್ದ ಪೈರು ಗೇಣುದ್ದವಾಗಿತ್ತು. ಅದು ಒಣಗಿದರೆ ಆ ವರ್ಷ ನಮಗೆ ಬತ್ತವೇ ಇಲ್ಲ. ನಾಲೆ ನಿಲ್ಲಿಸುವಂತೆಯೂ ಇರಲಿಲ್ಲ. ಕೆಳಗಿನ ಊರಿನವರೂ ಅದೇ ನೀರನ್ನು ನಂಬಿದ್ದರು.

ನಾನು ಹೋಗಿ ಮಾವನಿಗೆ ಹೇಳಿದೆ.

"ನೀರಿನ್ ಚಾಳಿನೇ ಅದು ಕಣ್ಲಾ. ಮೇಲ್ನೋರು ಜಾಸ್ತಿ ಬುಟ್ಟವ್ರೆ. ನಾನೇನ್ಲಾ ಮಾಡ್ಲಿ?" ಎಂದವರು, ಮೇಲಿನವರ ಮೇಲೆ ದೂರು ಕೊಡಲು ಕೆ.ಆರ್. ಪೇಟೆಯ ಬಸ್ಸು ಹತ್ತಿದರು.

ನಾವು ಹಾಕಿದ ಗುಂಡುಕಲ್ಲುಗಳೆಲ್ಲ ಉರುಳಿಹೋದವು. ಮೆಟ್ಟಿಲಿಗೆ ಅಡ್ಡಲಾಗಿ, ಎರಡೂ ತುದಿ ಏರಿಯೊಳಗೆ ಹೂತು ಕೂರುವಂಥ ಉದ್ದನೆಯ ಕಲ್ಲು ಬೇಕಿತ್ತು. ಅಂಥದು ಊರಿನಲ್ಲಿ ಇದ್ದದ್ದು ಒಂದೇ. ಅಪ್ಪ ಗಾಡಿ ಹೂಡಿದರು. ಮಾವನ ಹೆಂಡತಿ, ನಮ್ಮ ಪಾಲಿನ ಅತ್ತೆ, ತಲೆಬಾಗಿಲಲ್ಲಿ ನಿಂತಿದ್ದರು. ಗಾಡಿ ನೋಡಿದೊಡನೆ ಅವರಿಗೆ ಅರ್ಥವಾಯಿತು.

"ಎತ್ಕೊಂಡೋಗಿ ಅಣ್ಣ. ಅದ್ರ ಮ್ಯಾಲೆ ಕುಂತೂ ಕುಂತೂ ಇವ್ರಿಗೆ ಕೆಳಗೆ ನೆಲ ಅದೆ ಅನ್ನೋದೇ ಮರ್ತೋಗೈತೆ."

"ಬಂದ್ ಕೇಳುದ್ರೆ ಏನಂತೀಯವ್ವ?"

"ಕೇಳ್ಲಿ. ನಿಂತ್ಕಂಡೇ ಕೇಳ್ಬೇಕಲ್ಲ!"

ಅಕ್ಕಪಕ್ಕದ ಗದ್ದೆಯವರೂ ಕೈ ಹಾಕಿದರು. ಮೊಣಕಾಲುದ್ದ ನೀರಿನಲ್ಲಿ ನಿಂತು ಬೆಂಚನ್ನು ಅಡ್ಡಲಾಗಿ ಕೂರಿಸಿ, ನೀರು ಧುಮುಕುವಲ್ಲಿ ಕಲ್ಲು ಬಿಗಿದೆವು. ತಿನ್ನುವುದು ನಿಂತಿತು. ಪೈರು ಉಳಿಯಿತು.

ಮಾವ ಪೇಟೆಯಿಂದ ಬಂದು, ಬೆಂಚಿಲ್ಲದ ಅಂಗಳ ನೋಡಿ, ಮನೆಯೊಳಗೆ ಏನು ಕೂಗಾಡಿದರೋ ತಿಳಿಯದು. ಮರುದಿನದಿಂದ ಊರಿನಲ್ಲಿ ಬೇರೆಯೇ ರಾಗ. "ಊರಿಗ್ ಆಗ್ಲಿ ಅಂತ ಕಲ್ಲು ಕೊಟ್ಬುಟ್ಟೆ ಕಣ್ಲಾ." ಅವರ ತೂಬಿಗೆ ನೀರು ಹತ್ತದೆ, ನಮ್ಮ ಗದ್ದೆಯ ಮೇಲೆ ಹಾಯಿಸಿಕೊಳ್ಳಬೇಕಾಯಿತು. ಅದನ್ನಾದರೂ ಬಾಯಿಬಿಟ್ಟು ಕೇಳಿದರೇ? "ನಿಮ್ ಪೈರು ಕೊಳ್ತೋಗ್ತದೆ ಭಾವ, ಇತ್ಲಾಗ್ ಒಸಿ ಬುಡಿ," ಎಂದರು, ನಮಗೇ ಉಪಕಾರ ಮಾಡುವವರಂತೆ. ಅಪ್ಪ ಅವರ ಮುಖ ನೋಡದೆ ಬದುವಿಗೆ ಗುದ್ದಲಿ ಹಾಕಿ ಬಾಯಿ ಬಿಡಿಸಿದರು. ಸುಗ್ಗಿಗೆ ಮುಂಚೆ ಚಿನಕುರಳಿಯಿಂದ ಹೊಸ ಬೆಂಚು ಬಂತು.

ಎಷ್ಟೋ ವರ್ಷದ ಮೇಲೆ ಮಾವನ ತಿಥಿಯ ಊಟದಲ್ಲಿ ಯಾರೋ ಆ ಕಲ್ಲಿನ ದಾನವನ್ನು ಹೊಗಳಿದರು. ನಾನು ಅತ್ತೆಯ ಕಡೆ ನೋಡಿದೆ. ಬಾಗಿಲಲ್ಲಿ ನಿಂತಿದ್ದರು. ಈಗ ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ನಾಲೆಗೆ ಸಿಮೆಂಟು ಬಂದಿದೆ. ಕಲ್ಲು ಅದರಡಿ ಎಲ್ಲೋ...

ನಲ್ಲಿ ನಿಲ್ಲಿಸಿ, ಗುಡ್ಡೆ ಕೊರೆದಲ್ಲಿ ಒಂದು ಇಟ್ಟಿಗೆ ಅಡ್ಡ ಇಟ್ಟು ಒಳಗೆ ಬಂದೆ. ಮಾವನ ಬಗ್ಗೆ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ. ಅವರನ್ನು ನೆನೆದರೆ ಬೆಂಚು ಕಣ್ಣಿಗೆ ಬರುತ್ತದೆ, ಬೆಂಚಿನ ಹಿಂದೆ ಬಾಗಿಲು, ಬಾಗಿಲಲ್ಲಿ ಅತ್ತೆ. ಆ ಬೆಂಚಿನ ಮೇಲೆ ಇಬ್ಬರು ಕೂರುವಷ್ಟು ಜಾಗವಿತ್ತು. ಅತ್ತೆ ಅದರ ಮೇಲೆ ಕೂತದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.